ವಿಮಾನದ ರೆಂಡಿಟ್ಟ

ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ (ಎನ್‌ಎಎಲ್) ರೂಪಿಸಿದ ‘ಸರಸ್’ ವಿಮಾನದ ಮೊದಲ ಮಾದರಿ ಹಾರಿದ್ದು 2004ರ ಮೇ 29ರಂದು. ಹದಿನಾಲ್ಕು ಆಸನಗಳ ಈ ವಿಮಾನದ ಖಾಲಿ ತೂಕ ಸುಮಾರು 4,125 ಕೆ.ಜಿ. ಇರಬೇಕೆಂಬುದು ವಿನ್ಯಾಸಕಾರರ ಲೆಕ್ಕ. ಕಟ್ಟಿ ತೂಗಿದಾಗ ಬಂದದ್ದು ಸುಮಾರು 5,118 ಕೆ.ಜಿ. ಹತ್ತಿರ ಹತ್ತಿರ ಒಂದು ಟನ್ ಹೆಚ್ಚು! ಎರಡನೇ ಮಾದರಿಗೆ 850 ಅಶ್ವಶಕ್ತಿಯ ಎಂಜಿನ್ನುಗಳ ಜಾಗದಲ್ಲಿ 1,200 ಅಶ್ವಶಕ್ತಿಯವು ಬಂದವು. ಮೂರನೆಯದರಲ್ಲಿ ರೆಕ್ಕೆ ಮತ್ತು ಬಾಲವನ್ನು ಲೋಹದ ಬದಲು ಕಾಂಪೊಸಿಟ್‌ನಲ್ಲಿ ಮಾಡಿ ತೂಕ ಇಳಿಸುವ ಯೋಜನೆ ಹಾಕಿಕೊಳ್ಳಬೇಕಾಯಿತು.

ವಿಮಾನದ ಹೆಚ್ಚುವರಿ ತೂಕ ಸಾಮಾನ್ಯವಾಗಿ ಒಂದೇ ಕಡೆ ಕೂತಿರುವುದಿಲ್ಲ. ಹಾಗೆ ಕೂತಿದ್ದರೆ ಹಿಡಿದು ಹೊರಗೆ ಹಾಕಬಹುದಿತ್ತು. ಅದು ಇಲ್ಲಿ ನೂರು ಗ್ರಾಂ, ಅಲ್ಲಿ ಐವತ್ತು ಗ್ರಾಂ ಎಂದು ಚದುರಿಕೊಂಡು ಒಳಗೆ ಬರುತ್ತದೆ. ಪ್ರತಿಯೊಂದಕ್ಕೂ ಒಂದು ಒಳ್ಳೆಯ ಕಾರಣವೂ ಇರುತ್ತದೆ. ತಜ್ಞರ ಪಡೆಯಿದ್ದ ಸರ್ಕಾರಿ ಪ್ರಯೋಗಾಲಯಕ್ಕೇ ಈ ಪಾಡಾದರೆ, ಮನೆ ಹಿಂದಿನ ಶೆಡ್ಡಿನಲ್ಲಿ ಅಲ್ಯುಮಿನಿಯಂ ತಗಡು ಕತ್ತರಿಸಿ, ತೂತು ಕೊರೆದು, ರಿವೆಟ್ ಹೊಡೆದು ತನ್ನ ವಿಮಾನವನ್ನು ತಾನೇ ಕಟ್ಟಿಕೊಳ್ಳುವ ಮನುಷ್ಯನ ಕಥೆ ಏನು?

ಅಂಥವರು ಇದ್ದಾರೆಯೇ ಎಂದು ಕೇಳಬೇಡಿ. ಅಮೆರಿಕದ ವ್ಯಾನ್ಸ್ ಎಂಬ ಒಂದೇ ಕಂಪನಿಯ ಕಿಟ್‌ಗಳಿಂದ ಜನ ಕಟ್ಟಿ ಹಾರಿಸಿದ ಲೋಹದ ವಿಮಾನಗಳೇ ಹತ್ತು ಸಾವಿರ ದಾಟಿವೆ. ಕೇರಳ ಮೂಲದ ಅಶೋಕ್ ತಾಮರಾಕ್ಷನ್ ಇಂಗ್ಲೆಂಡಿನ ತಮ್ಮ ಮನೆಯಲ್ಲಿ ದಕ್ಷಿಣ ಆಫ್ರಿಕಾದ ಕಿಟ್ ತರಿಸಿ ನಾಲ್ಕು ಆಸನದ ವಿಮಾನ ಕಟ್ಟಿ, 2022ರಲ್ಲಿ ಸಂಸಾರ ಸಮೇತ ಯೂರೋಪ್ ಸುತ್ತಿದರು. ಮುಂಬೈನ ಪೈಲಟ್ ಅಮೋಲ್ ಯಾದವ್ ವಸತಿ ಕಟ್ಟಡದ ತಾರಸಿಯ ಮೇಲೆ ಆರು ಆಸನದ್ದನ್ನೇ ಕಟ್ಟಿದರು. 2016ರ ‘ಮೇಕ್ ಇನ್ ಇಂಡಿಯಾ’ ಪ್ರದರ್ಶನದಲ್ಲಿ ಅದು ಜನರ ಕಣ್ಣಿಗೆ ಬಿತ್ತು, 2017ರಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ನೋಂದಣಿ ಸಿಕ್ಕಿತು.

ನಮ್ಮಲ್ಲೂ ಇದಕ್ಕೆ ಒಂದು ಹಿನ್ನೆಲೆಯಿದೆ. ಬೆಂಗಳೂರಿನಿಂದ ಚಿಕ್ಕಬಳ್ಳಾಪುರಕ್ಕೆ ಹೊರಟರೆ ಒಂದೇ ಹೆದ್ದಾರಿಯ ಆಸುಪಾಸಿನಲ್ಲಿ ಜಕ್ಕೂರು, ಯಲಹಂಕ, ದೇವನಹಳ್ಳಿ ಎಂದು ಮೂರು ವಿಮಾನ ನೆಲೆಗಳು ಸಿಗುತ್ತವೆ. ಜಕ್ಕೂರಿನಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಶುರುವಾಗಿದ್ದು 1948ರಲ್ಲಿ. ಅಮೆರಿಕದ ಬರ್ಟ್ ರುಟಾನ್ ಮನೆಯಲ್ಲಿ ಕಟ್ಟುವವರಿಗೆಂದೇ ರೂಪಿಸಿದ ‘ಲಾಂಗ್-ಈಝೀ’ಯನ್ನು ಆಧರಿಸಿ ಎನ್‌ಎಎಲ್ ಒಂದು ಪುಟ್ಟ ವಿಮಾನ ಕಟ್ಟಿ 1987ರಲ್ಲಿ ಹಾರಿಸಿತ್ತು. ಅದು ಲೋಹದ್ದಲ್ಲ, ಗಾಜಿನ ನಾರಿನದು. ಇನ್ನೂ ಸ್ವಾರಸ್ಯದ ವಿಷಯವೆಂದರೆ ಬೆಂಗಳೂರಿನ ‘ರಾಜಹಂಸ ಅಲ್ಟ್ರಾಲೈಟ್ಸ್’ ತಯಾರಿಸಿದ ‘ಎಕ್ಸ್-ಏರ್’. ಅಲ್ಯುಮಿನಿಯಂ ಕೊಳವೆಗಳನ್ನು ಬೋಲ್ಟ್ ಹಾಕಿ ಜೋಡಿಸಿ, ಮೇಲೆ ಬಟ್ಟೆ ಹೊದಿಸುವ ಈ ಎರಡು ಆಸನದ ವಿಮಾನದ ಕಿಟ್‌ಗಳು ಇಲ್ಲಿಂದ ಯೂರೋಪಿಗೆ ಹೋದವು, ಅಲ್ಲಿಯ ಹವ್ಯಾಸಿಗಳು ತಮ್ಮ ಗ್ಯಾರೇಜುಗಳಲ್ಲಿ ಜೋಡಿಸಿಕೊಂಡರು. ಮನೆಯಲ್ಲಿ ಕಟ್ಟುವ ವಿಮಾನವನ್ನು ಬಿಳಿಯರ ಶೋಕಿ ಎನ್ನುವವರು ಈ ರಫ್ತಿನ ದಿಕ್ಕನ್ನು ಗಮನಿಸಬೇಕು.

ಕೊಳವೆ ಮತ್ತು ಬಟ್ಟೆಯ ವಿಮಾನ ಹಗುರ. ಆದರೆ ಬಟ್ಟೆಗೆ ಬಿಸಿಲು ಶತ್ರು. ಬಯಲಲ್ಲಿ ನಿಂತರೂ ವರ್ಷಗಟ್ಟಲೆ ಬಾಳಬೇಕು, ಸ್ವಲ್ಪ ವೇಗವಾಗಿಯೂ ಹೋಗಬೇಕು ಎಂದರೆ ತಗಡಿನ ವಿಮಾನವೇ ಆಗಬೇಕು. ತಗಡು ಹಿಡಿದ ಕ್ಷಣದಿಂದ ತೂಕದ ಲೆಕ್ಕ ಶುರು.

ಆ ಲೆಕ್ಕಕ್ಕೆ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲೇ ಒಂದು ಸೊಗಸಾದ ಅಳತೆಗೋಲಿದೆ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹರಾಜಿಗೆ ಬಂದ ರೀಲರ್ ಗೂಡನ್ನು ಅಂಗೈಯಲ್ಲಿ ಹಿಡಿದು ನೋಡುವಾಗ ಮನಸ್ಸಿನಲ್ಲಿ ಎಣಿಸುವುದು ರೆಂಡಿಟ್ಟವನ್ನು. ಒಂದು ಕೆ.ಜಿ. ರೇಷ್ಮೆ ಬರಲು ಎಷ್ಟು ಕೆ.ಜಿ. ಗೂಡು ಬೇಕು ಎಂಬ ಲೆಕ್ಕ ಅದು. ಏಳರ ಆಸುಪಾಸಿನಲ್ಲಿದ್ದರೆ ಸರಿ, ಎಂಟು ಒಂಬತ್ತಕ್ಕೆ ಏರಿದರೆ ಕೈ ಸುಟ್ಟಿತು. ವಿಮಾನಕ್ಕೂ ಇದನ್ನೇ ಕೇಳಬಹುದು: ಒಂದು ಕೆ.ಜಿ. ಉಪಯುಕ್ತ ಹೊರೆಯನ್ನು, ಅಂದರೆ ಮನುಷ್ಯರು, ಇಂಧನ, ಚೀಲ ಇವನ್ನು ಎತ್ತಲು ಎಷ್ಟು ಕೆ.ಜಿ. ವಿಮಾನ ಬೇಕು? ಹಾರಲು ಅನುಮತಿಯಿರುವ ಗರಿಷ್ಠ ತೂಕದಲ್ಲಿ ಖಾಲಿ ತೂಕ ಕಳೆದರೆ ಉಪಯುಕ್ತ ಹೊರೆ. ಖಾಲಿ ತೂಕವನ್ನು ಅದರಿಂದ ಭಾಗಿಸಿದರೆ ಆ ವಿಮಾನದ ರೆಂಡಿಟ್ಟ.

ನಮ್ಮ ಊರಿನ ವಿಮಾನಗಳಿಗೇ ಹಾಕಿ ನೋಡೋಣ. ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಮೋಟಾರು ಕಾರ್ಖಾನೆಗಾಗಿ ಹಟ ಹಿಡಿದಿದ್ದರು. ಆ ಪ್ರಯತ್ನದಲ್ಲಿ ಅವರ ಜೊತೆಗಿದ್ದ ವಾಲ್‌ಚಂದ್ ಹೀರಾಚಂದ್ ಬೆಂಗಳೂರಿನಲ್ಲಿ 1940ರ ಡಿಸೆಂಬರಿನಲ್ಲಿ ಸ್ಥಾಪಿಸಿದ್ದು ಮಾತ್ರ ವಿಮಾನ ಕಾರ್ಖಾನೆಯನ್ನು. ಮುಂದೆ ಎಚ್‌ಎಎಲ್ ಎಂದು ಹೆಸರಾದ ಅದೇ ಸಂಸ್ಥೆಯಲ್ಲಿ ವಿ.ಎಂ. ಘಾಟಗೆಯವರ ತಂಡ ರೂಪಿಸಿದ ‘ಎಚ್‌ಟಿ-2’ 1951ರ ಆಗಸ್ಟ್‌ನಲ್ಲಿ ಹಾರಿತು. ಪೂರ್ತಿ ಲೋಹದ, ಎರಡು ಆಸನದ ತರಬೇತಿ ವಿಮಾನ. ಖಾಲಿ ತೂಕ 699 ಕೆ.ಜಿ., ಪೂರ್ಣ ತೂಕ 1,016 ಕೆ.ಜಿ. ಉಪಯುಕ್ತ ಹೊರೆ 317. ರೆಂಡಿಟ್ಟ 2.2. ಅದೇ ಕಾರ್ಖಾನೆಯಿಂದ 1958ರಲ್ಲಿ ಬಂದ ‘ಪುಷ್ಪಕ್’ಗೆ ಲೋಹದ ಅಸ್ಥಿಪಂಜರ, ಬಟ್ಟೆಯ ಹೊದಿಕೆ. ಖಾಲಿ 395, ಪೂರ್ಣ 612. ರೆಂಡಿಟ್ಟ 1.8. ಎಚ್‌ಟಿ-2 ಭಾರವಾಯಿತೆಂದು ಮೂಗು ಮುರಿಯಬೇಕಾಗಿಲ್ಲ. ವಾಯುಪಡೆಯ ಹುಡುಗರು ಅದರಲ್ಲಿ ಲಾಗ ಹಾಕಬೇಕಿತ್ತು, ಕಲಿಯುವ ಕೈಗಳ ಒರಟು ಇಳಿತವನ್ನೂ ಅದು ತಾಳಬೇಕಿತ್ತು.

ಈಗ ಮನೆಯಲ್ಲಿ ಕಟ್ಟುವ ತಗಡಿನ ವಿಮಾನಕ್ಕೆ ಬನ್ನಿ. ಕ್ರಿಸ್ ಹೈಂಟ್ಸ್ ಎಂಬ ಎಂಜಿನಿಯರ್ ರೂಪಿಸಿದ ‘ಝೆನೇರ್ ಸಿಎಚ್ 701’ ನಮ್ಮಲ್ಲೂ ಪರಿಚಿತ, ಎನ್‌ಸಿಸಿಯ ವಾಯು ವಿಭಾಗ ಇದನ್ನು ಹಾರಿಸಿದೆ. ತಯಾರಕರು ಹೇಳುವ ಖಾಲಿ ತೂಕ ಸುಮಾರು 263 ಕೆ.ಜಿ., ಪೂರ್ಣ ತೂಕ 499. ರೆಂಡಿಟ್ಟ ಬರೀ 1.1! ಆದರೆ ಭಾರತದ ನಿಯಮದಲ್ಲಿ ಮೈಕ್ರೊಲೈಟ್ ಎನಿಸಿಕೊಳ್ಳಬೇಕಾದರೆ ಎರಡು ಆಸನದ ವಿಮಾನದ ಪೂರ್ಣ ತೂಕ 450 ಕೆ.ಜಿ. ದಾಟುವಂತಿಲ್ಲ. ವಿಮಾನ ಅದೇ, ಉಪಯುಕ್ತ ಹೊರೆ 236ರಿಂದ 187ಕ್ಕೆ ಇಳಿಯಿತು, ರೆಂಡಿಟ್ಟ 1.4 ಆಯಿತು.

ಆ 187 ಕೆ.ಜಿ.ಯನ್ನು ಖರ್ಚು ಮಾಡಿ ನೋಡಿ. ತಲಾ 75 ಕೆ.ಜಿ.ಯ ಇಬ್ಬರು ಕೂತರೆ 150 ಹೋಯಿತು. ಉಳಿದ 37 ಕೆ.ಜಿ.ಗೆ ಸುಮಾರು 51 ಲೀಟರ್ ಪೆಟ್ರೋಲ್. ಗಂಟೆಗೆ ಹದಿನಾರು ಲೀಟರ್ ಕುಡಿಯುವ ಎಂಜಿನ್‌ಗೆ ಮೂರು ಗಂಟೆಯ ಹಾರಾಟ, ಅರ್ಧ ಗಂಟೆಯದನ್ನು ಆಪತ್ತಿಗೆಂದು ಎತ್ತಿಟ್ಟರೆ ಎರಡೂವರೆ ಗಂಟೆ. ಕಟ್ಟುವವರು ಕೈ ಸಡಿಲ ಬಿಟ್ಟು ಖಾಲಿ ತೂಕ 20 ಕೆ.ಜಿ. ಏರಿತು ಅಂದುಕೊಳ್ಳಿ. ಹಾಗೆ ಏರುವುದೇನೂ ಅಪರೂಪವಲ್ಲ. ಈಗ ಪೆಟ್ರೋಲಿಗೆ ಉಳಿದದ್ದು 17 ಕೆ.ಜಿ., ಅಂದರೆ ಇಪ್ಪತ್ಮೂರು ಇಪ್ಪತ್ನಾಲ್ಕು ಲೀಟರ್. ಮೀಸಲು ತೆಗೆದರೆ ಒಂದು ಗಂಟೆ. ವಿಮಾನದ ತೂಕ ಏರಿದ್ದು ಶೇ 8ಕ್ಕಿಂತ ಕಡಿಮೆ, ಹಾರಾಟ ಅರ್ಧಕ್ಕಿಂತ ಕೆಳಕ್ಕೆ ಬಂತು. ಅಂಥ ವಿಮಾನ ಎರಡು ಆಸನವಿದ್ದೂ ಒಬ್ಬರದೇ ವಿಮಾನವಾಗುತ್ತದೆ.

ಇಷ್ಟು ಸಾಲದೆಂಬಂತೆ ನಮ್ಮ ಜಿಲ್ಲೆಯ ಗಾಳಿ ಬೇರೆ ತೆಳು. ಚಿಕ್ಕಬಳ್ಳಾಪುರ ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಎತ್ತರದಲ್ಲಿದೆ. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಬಿಸಿಲಲ್ಲಿ ಇಲ್ಲಿಯ ಗಾಳಿಯ ಸಾಂದ್ರತೆ, ಮಾನಕ ವಾತಾವರಣದ ಲೆಕ್ಕದಲ್ಲಿ ಸುಮಾರು 1,800 ಮೀಟರ್ ಎತ್ತರದಲ್ಲಿ ಇರುವಷ್ಟಕ್ಕೆ ಇಳಿದುಬಿಡುತ್ತದೆ. ಅಂದರೆ ಹೆಚ್ಚುಕಡಿಮೆ ಬೆಳಗಿನ ಜಾವ ನಂದಿಬೆಟ್ಟದ ನೆತ್ತಿಯಲ್ಲಿ ಸಿಗುವ ಗಾಳಿಯಷ್ಟೇ ತೆಳು. ಸಮುದ್ರಮಟ್ಟಕ್ಕೆ ಹೋಲಿಸಿದರೆ ಆರನೇ ಒಂದು ಭಾಗ ಗಾಳಿಯೇ ಇಲ್ಲ. ಟರ್ಬೊ ಇಲ್ಲದ ಎಂಜಿನ್ನಿನ ಶಕ್ತಿ ಹೆಚ್ಚುಕಡಿಮೆ ಅಷ್ಟೇ ಕುಸಿಯುತ್ತದೆ, ರೆಕ್ಕೆಗೆ ಎತ್ತುವ ಬಲ ಬರಲು ಹೆಚ್ಚು ವೇಗ ಬೇಕಾಗುತ್ತದೆ, ಪ್ರೊಪೆಲ್ಲರ್‌ನ ಹಿಡಿತವೂ ಸಡಿಲ. ಅದರ ಮೇಲೆ ತೂಕ. ಪೈಲಟ್‌ಗಳು ಬಳಸುವ ಸ್ಥೂಲ ನಿಯಮದಂತೆ ತೂಕ ಶೇ 10 ಏರಿದರೆ ನೆಲಬಿಡಲು ಬೇಕಾದ ಓಟ ಶೇ 20ರಷ್ಟು ಏರುತ್ತದೆ. ಕರಾವಳಿಯ ಮೈದಾನದಲ್ಲಿ ಗೊತ್ತೇ ಆಗದ ಇಪ್ಪತ್ತು ಕೆ.ಜಿ. ಇಲ್ಲಿ ರನ್‌ವೇ ಕೊನೆಯ ಹುಣಸೆ ಮರವನ್ನು ಹತ್ತಿರ ತಂದು ನಿಲ್ಲಿಸುತ್ತದೆ.

ಹಾಗಾದರೆ ತೂಕವನ್ನು ಎಲ್ಲಿ ಕಡಿಯಬೇಕು? ಹೊಸಬರ ಕೈ ಮೊದಲು ಹೋಗುವುದು ಲೋಹಕ್ಕೆ. ತಗಡನ್ನು ಇನ್ನೂ ತೆಳು ಮಾಡೋಣ, ಇನ್ನೊಂದಷ್ಟು ತೂತು ಹೊಡೆಯೋಣ ಎನಿಸುತ್ತದೆ. ನನ್ನ ಪ್ರಕಾರ ಇದು ತೀರಾ ತಪ್ಪು ಜಾಗ. ಲೋಹದಲ್ಲಿ ಉಳಿಸಬಹುದಾದದ್ದನ್ನು ವಿನ್ಯಾಸಕಾರ ಆಗಲೇ ಉಳಿಸಿ ಮುಗಿಸಿರುತ್ತಾನೆ.

ಈ ವಿಮಾನಗಳ ಹೊದಿಕೆಯ ತಗಡು ಹೆಚ್ಚಾಗಿ 0.4 ಮಿ.ಮೀ.ನಿಂದ 0.8 ಮಿ.ಮೀ. ದಪ್ಪ. 0.4ರದ್ದು ಚದರ ಮೀಟರಿಗೆ 1.1 ಕೆ.ಜಿ.ಯಷ್ಟು ತೂಗುತ್ತದೆ, 0.5ರದ್ದು 1.4. ಸಿಎಚ್ 701ರಂಥ ವಿಮಾನದ ರೆಕ್ಕೆಯ ಮೇಲು ಕೆಳಗು ಸೇರಿ ಇಪ್ಪತ್ಮೂರು ಚದರ ಮೀಟರ್. ಇಡೀ ರೆಕ್ಕೆಯ ಹೊದಿಕೆಯಲ್ಲಿ ಒಂದು ಅಳತೆ ಕೆಳಗಿಳಿದರೆ ಉಳಿಯುವುದು ಆರೂವರೆ ಕೆ.ಜಿ. ಇದಕ್ಕೆ ತೆರುವ ಬೆಲೆ ದೊಡ್ಡದು. ತಗಡಿನ ಬಾಗುವಿಕೆಯನ್ನು ತಡೆಯುವ ಗಡಸು ಅದರ ದಪ್ಪದ ಘನಕ್ಕೆ ತಕ್ಕಂತೆ ಇರುತ್ತದೆ. ದಪ್ಪವನ್ನು ಐದನೇ ಒಂದು ಭಾಗ ಇಳಿಸಿದರೆ ತೂಕವೂ ಐದನೇ ಒಂದು ಭಾಗ ಇಳಿಯುತ್ತದೆ, ಆದರೆ ಗಡಸು ಅರ್ಧಕ್ಕೆ ಕುಸಿಯುತ್ತದೆ. ಅಂಥ ತಗಡು ಹಾರಾಟದಲ್ಲಿ ಡಬಡಬ ಬಡಿದುಕೊಳ್ಳುತ್ತದೆ, ರಿವೆಟ್ ಸಾಲಿನ ಬಳಿ ದಣಿದು ಸೀಳುತ್ತದೆ.

ಹಾಗಿದ್ದರೆ ಕಾಗದದಷ್ಟು ತೆಳುವಾದ ತಗಡು ವಿಮಾನವನ್ನು ಹೊರುವುದಾದರೂ ಹೇಗೆ? ಇದರ ಹಿಂದೆ ಜರ್ಮನಿಯಲ್ಲಿ ಕೆಲಸ ಮಾಡಿದ ಎರಡು ತಲೆಗಳಿವೆ. ಆಲ್ಫ್ರೆಡ್ ವಿಲ್ಮ್ 1906ರ ಹೊತ್ತಿಗೆ, ತಾಮ್ರ ಬೆರೆಸಿದ ಅಲ್ಯುಮಿನಿಯಂ ಅನ್ನು ಕಾಸಿ ದಿಢೀರನೆ ತಣಿಸಿ ಸುಮ್ಮನೆ ಬಿಟ್ಟರೆ ಕೆಲವು ದಿನಗಳಲ್ಲಿ ತಾನಾಗಿಯೇ ಗಟ್ಟಿಯಾಗುವುದನ್ನು ಕಂಡುಕೊಂಡ. ಆ ಡ್ಯುರಾಲ್ಯುಮಿನ್‌ನ ವಂಶದ್ದೇ ಇಂದಿನ 2024 ಎಂಬ ಮಿಶ್ರಲೋಹ. ಮುಂದೆ 1920ರ ದಶಕದಲ್ಲಿ ಹರ್ಬರ್ಟ್ ವಾಗ್ನರ್ ಇನ್ನೊಂದು ಸಂಗತಿ ತೋರಿಸಿದ. ತೆಳುತಗಡು ಹೊರೆ ಬಿದ್ದಾಗ ಓರೆಯಾಗಿ ಸುಕ್ಕುಗಟ್ಟಿದರೆ ಅದು ಸೋತಂತಲ್ಲ, ಆ ಸುಕ್ಕಿನ ಏಣುಗಳ ಉದ್ದಕ್ಕೂ ಬಿಗಿದ ಹಗ್ಗದ ಹಾಗೆ ಎಳೆತವನ್ನು ಹೊರುತ್ತಲೇ ಇರುತ್ತದೆ. ಸುತ್ತಲ ಚೌಕಟ್ಟು ಗಟ್ಟಿಯಿದ್ದರೆ ಸಾಕು. ಸುಕ್ಕನ್ನು ತಡೆಯಲೆಂದು ದಪ್ಪ ತಗಡು ಹಾಕುವ ಅಗತ್ಯವೇ ತಪ್ಪಿತು. ಲೋಹದ ವಿಮಾನಗಳು ಹಗುರಾದದ್ದರ ಬಹುಪಾಲು ಕೀರ್ತಿ ಈ ತಿಳಿವಳಿಕೆಗೆ ಸಲ್ಲಬೇಕು.

ಅಂಚನ್ನು ಮಡಿಸುವುದು ಇನ್ನೊಂದು ಉಪಾಯ. ಅದಕ್ಕೆ ತೂಕವೇ ಇಲ್ಲ. ರೆಕ್ಕೆಯೊಳಗಿನ ಅಡ್ಡಪಟ್ಟಿಗಳಾದ ರಿಬ್‌ಗಳಲ್ಲಿ ದೊಡ್ಡ ಗುಂಡುತೂತುಗಳನ್ನು ನೋಡಿರಬಹುದು. ತೂಕ ಇಳಿಸಲು ಕೊರೆದದ್ದೆಂಬುದು ಅರ್ಧ ಮಾತು. ಆ ತೂತಿನ ಅಂಚನ್ನು ಒಳಕ್ಕೆ ಮಡಿಸಿದಾಗ ರಿಬ್ ತೂತಿಲ್ಲದ ತಗಡಿಗಿಂತ ಹೆಚ್ಚು ಗಡಸಾಗುತ್ತದೆ. ಮಡಿಸದೆ ಬರೀ ಕೊರೆದುಬಿಟ್ಟರೆ ಬಲವೂ ಹೋಯಿತು, ಉಳಿದದ್ದು ಕೆಲವು ಗ್ರಾಂ.

ತೂತು ಎಂಬುದು ಬಿರುಕಿನ ತವರು. ತಗಡಿನ ಅಂಚಿನಿಂದ ರಿವೆಟ್ ತೂತಿನ ಕೇಂದ್ರಕ್ಕೆ ಕನಿಷ್ಠ ರಿವೆಟ್ಟಿನ ವ್ಯಾಸದ ಎರಡು ಪಟ್ಟು ದೂರ ಇರಬೇಕು, ಕೊರೆದ ಮೇಲೆ ತೂತಿನ ಅಂಚಿನ ಚೂಪನ್ನು ಸವರಿ ತೆಗೆಯಬೇಕು. ಈ ಶಿಸ್ತಿನ ಬೆಲೆ ಏನೆಂದು ವ್ಯಾನ್ಸ್ ಕಂಪನಿ 2023ರಲ್ಲಿ ಕಂಡಿತು. ಕೆಲವು ಬಿಡಿಭಾಗಗಳ ತೂತುಗಳನ್ನು ಲೇಸರ್‌ನಿಂದ ಕತ್ತರಿಸಲಾಗಿತ್ತು. ರಿವೆಟ್ಟಿನ ತಲೆ ಕೂರಲೆಂದು ತೂತಿನ ಸುತ್ತ ತಗ್ಗು ಒತ್ತುವಾಗ ಅವುಗಳ ಅಂಚಿನಲ್ಲಿ ಬಿರುಕು ಮೂಡಿತು. ಸಾವಿರಾರು ಗ್ರಾಹಕರಿಗೆ ಭಾಗಗಳನ್ನು ಬದಲಿಸಿಕೊಡುವ ಹೊರೆ ಹಣದ ಇತರ ಕಷ್ಟಗಳ ಜೊತೆ ಸೇರಿ, ಅದೇ ಡಿಸೆಂಬರಿನಲ್ಲಿ ಕಂಪನಿ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯಕ್ಕೆ ಹೋಗಬೇಕಾಯಿತು.

ಇನ್ನು ರಿವೆಟ್. ವಿಮಾನವೊಂದಕ್ಕೆ ಹತ್ತು ಸಾವಿರ ಎಂದರೆ ಎದೆ ಝಲ್ಲೆನ್ನುತ್ತದೆ. ಆದರೆ ಮೂರು ಮಿ.ಮೀ. ದಪ್ಪದ ಅಲ್ಯುಮಿನಿಯಂ ರಿವೆಟ್ ಒಂದಕ್ಕೆ ಕಾಲು ಗ್ರಾಂ ಆಸುಪಾಸು. ಹತ್ತು ಸಾವಿರವೂ ಸೇರಿ ಎರಡೂವರೆ ಕೆ.ಜಿ. ಅದರಲ್ಲಿ ಉಳಿಸಲು ಹೊರಡುವುದು ಜಿಪುಣತನವೂ ಅಲ್ಲ, ಹುಚ್ಚು. ತಗಡಿನ ವಿಷಯದಲ್ಲಿ ಇನ್ನೊಂದು ಎಚ್ಚರ: ಚಿಂತಾಮಣಿಯಲ್ಲೋ ಬೆಂಗಳೂರಿನ ಪೇಟೆಯಲ್ಲೋ ಗೇಜ್ ಹೇಳಿ ಕೊಳ್ಳುವ ಸಾಮಾನ್ಯ ಅಲ್ಯುಮಿನಿಯಂ ತಗಡು ವಿಮಾನದ ತಗಡಲ್ಲ. ತೂಕ ಹೆಚ್ಚುಕಡಿಮೆ ಒಂದೇ, ಬಲ ಅದರ ಅರ್ಧವೂ ಇರುವುದಿಲ್ಲ. ಯಾವ ಮಿಶ್ರಲೋಹ, ಯಾವ ಹದ ಎಂದು ಮುದ್ರಿಸಿದ, ಪ್ರಮಾಣಪತ್ರ ಸಮೇತ ಬರುವ ತಗಡೇ ಬೇಕು.

ಕೊಬ್ಬು ನಿಜವಾಗಿ ಸೇರಿಕೊಳ್ಳುವುದು ಅಸ್ಥಿಪಂಜರ ಮುಗಿದ ಮೇಲೆ. ವಿಮಾನದ ಆಕಾರ ಬಂದಿದೆ, ನೋಡಲು ನೆಂಟರು ಬರುತ್ತಾರೆ, ಕಟ್ಟುವವನಿಗೆ ಆಸೆಗಳು ಚಿಗುರುತ್ತವೆ. ಹಗುರ ವಿಮಾನಗಳ ರೋಟಾಕ್ಸ್ 912 ಎಂಜಿನ್ ಅರವತ್ತು ಕೆ.ಜಿ. ಆಸುಪಾಸು, 80ರಿಂದ 100 ಅಶ್ವಶಕ್ತಿ. ಹಳೆಯ ಪೈಕಿಯ ಲೈಕಮಿಂಗ್ ಇನ್ನೂ ಹೆಚ್ಚು ಶಕ್ತಿ ಕೊಡುತ್ತದೆ, ಆದರೆ ನೂರು ಕೆ.ಜಿ. ದಾಟುತ್ತದೆ. ದೊಡ್ಡ ಎಂಜಿನ್ ಬಂದರೆ ಅದನ್ನು ಹಿಡಿಯುವ ಚೌಕಟ್ಟು, ಪ್ರೊಪೆಲ್ಲರ್, ಇಂಧನದ ಟ್ಯಾಂಕ್ ಎಲ್ಲವೂ ಹಿಂದೆಯೇ ದೊಡ್ಡದಾಗುತ್ತವೆ. ವಿನ್ಯಾಸಕಾರ ಹೇಳಿದ್ದಕ್ಕಿಂತ ಒಂದು ಸುತ್ತು ದೊಡ್ಡ ಎಂಜಿನ್ ಕೂರಿಸುವ ಚಪಲ ಎಲ್ಲ ದೇಶದ ಹವ್ಯಾಸಿಗಳಲ್ಲೂ ಇದೆ, ಎಲ್ಲ ಕಡೆಯೂ ಅದರ ಫಲ ಒಂದೇ.

ಬ್ಯಾಟರಿಯ ಕಥೆ ಸ್ವಲ್ಪ ಸಿಕ್ಕು. ಸೀಸದ ಬ್ಯಾಟರಿ ಏಳು ಕೆ.ಜಿ. ತೂಗುವಲ್ಲಿ ಲಿಥಿಯಂ ಐರನ್ ಫಾಸ್ಫೇಟ್‌ನದು ಎರಡು ಚಿಲ್ಲರೆಯಲ್ಲಿ ಮುಗಿಯುತ್ತದೆ. ಇಷ್ಟು ಸಲೀಸಾಗಿ ನಾಲ್ಕೈದು ಕೆ.ಜಿ. ಇಳಿಸುವ ಅವಕಾಶ ಇಡೀ ವಿಮಾನದಲ್ಲಿ ಇನ್ನೆಲ್ಲೂ ಇಲ್ಲ. ಆದರೆ ಅದರ ಚಾರ್ಜಿಂಗ್ ಮೇಲೆ ಕಾವಲಿಡುವ ಸರ್ಕೀಟು ಬೇಕು, ಕಾದರೆ ಹೊಗೆ ಹೊರಗೆ ಹೋಗುವ ದಾರಿ ಬೇಕು, ಎಂಜಿನ್ನಿನ ಬಿಸಿಯಿಂದ ದೂರವೂ ಇರಬೇಕು. ದೂರವೆಂದು ಬಾಲದ ಕಡೆ ಇಟ್ಟರೆ ಸ್ಟಾರ್ಟರ್‌ವರೆಗೆ ದಪ್ಪ ತಾಮ್ರದ ಕೇಬಲ್ ಎಳೆಯಬೇಕು, ಮೀಟರಿಗೆ ಮುನ್ನೂರು ಗ್ರಾಂ. ಇಲ್ಲಿ ಲೋಹದ ವಿಮಾನಕ್ಕೆ ಒಂದು ಅನುಕೂಲವಿದೆ: ಮೈಯೇ ನೆಗೆಟಿವ್ ತಂತಿ. ಗಾಜಿನ ನಾರಿನ ವಿಮಾನದವರು ಹೋಗುವ ತಂತಿಯ ಜೊತೆ ಬರುವ ತಂತಿಯನ್ನೂ ಹಾಕಬೇಕು.

ಬಣ್ಣದ ಬಗ್ಗೆ ಯಾರೂ ತೂಕದ ಮಾತೆತ್ತುವುದಿಲ್ಲ. ಸಣ್ಣ ವಿಮಾನದ ಹೊರಮೈ ನಲವತ್ತು ಚದರ ಮೀಟರ್ ಎಂದಿಟ್ಟುಕೊಳ್ಳಿ. ಪ್ರೈಮರ್ ಸೇರಿ ಒಣಗಿದ ಬಣ್ಣದ ಪದರ ಮಿಲಿಮೀಟರಿನ ಹತ್ತನೇ ಒಂದು ಭಾಗ ಇದ್ದರೂ ಐದಾರು ಕೆ.ಜಿ. ಆಗುತ್ತದೆ. ಒಂದು ಬಣ್ಣ ಸಾಲದು, ಬಾವುಟದ ಪಟ್ಟೆ ಬೇಕು, ಡೊಂಕುಗಳಿಗೆ ಪುಟ್ಟಿ ತುಂಬಬೇಕು ಎಂದರೆ ಹತ್ತು ಹನ್ನೆರಡಕ್ಕೆ ಏರೀತು. ಅಮೆರಿಕನ್ ಏರ್‌ಲೈನ್ಸ್ ದಶಕಗಳ ಕಾಲ ತನ್ನ ವಿಮಾನಗಳನ್ನು ಹೊಳೆಯುವ ಬರಿ ಲೋಹದಲ್ಲೇ ಹಾರಿಸಿದ್ದರಲ್ಲಿ ಚೆಂದದ ಜೊತೆ ಈ ಲೆಕ್ಕವೂ ಇತ್ತು. ಒಳಗಿನ ತುಕ್ಕುರಕ್ಷಕ ಪ್ರೈಮರ್ ಬೇಕೇ ಬೇಡವೇ ಎಂಬುದು ಕಟ್ಟುವವರಲ್ಲಿ ಮುಗಿಯದ ಜಗಳ. ನಾನಾದರೆ ಊರು ನೋಡಿ ಹೇಳುವೆ. ಮಲ್ಪೆಯ ಉಪ್ಪುಗಾಳಿಯಲ್ಲಿ ನಿಲ್ಲುವ ವಿಮಾನಕ್ಕೆ ಮೂಲೆಮೂಲೆಗೂ ಬಳಿಯಿರಿ. ಗೌರಿಬಿದನೂರಿನಂಥ ಒಣನೆಲದಲ್ಲಿ, ಎರಡೂ ಮೈಗೆ ಶುದ್ಧ ಅಲ್ಯುಮಿನಿಯಂನ ತೆಳು ಲೇಪವಿರುವ ಆಲ್‌ಕ್ಲಾಡ್ ತಗಡು ಬಳಸಿದ್ದರೆ, ತಗಡಿನ ಮೇಲೆ ತಗಡು ಕೂರುವ ಜಾಗಗಳಿಗೆ ಮಾತ್ರ ಹಚ್ಚಿದರೂ ನಡೆಯುತ್ತದೆ.

ಉಳಿದದ್ದೆಲ್ಲ ‘ಇರಲಿ ಬಿಡಿ’ ಎಂಬ ಪಟ್ಟಿ. ಅರ್ಧ ಇಂಚು ಉದ್ದ ಹೆಚ್ಚಾದ ಬೋಲ್ಟ್, ಅದನ್ನು ಸರಿದೂಗಿಸಲು ಎರಡು ವಾಷರ್, ಚರ್ಮದ ಸೀಟು, ನೆಲಹಾಸು, ಎರಡನೇ ರೇಡಿಯೊ, ಫೋನ್ ಚಾರ್ಜ್ ಮಾಡುವ ಸಾಕೆಟ್, ಮುಂದೆ ಎಂದಾದರೂ ಬೇಕಾದೀತೆಂದು ಎಳೆದಿಟ್ಟ ತಂತಿ. ಇದಕ್ಕೆ ಮದ್ದು ಅಡುಗೆಮನೆಯ ಒಂದು ಡಿಜಿಟಲ್ ತಕ್ಕಡಿ ಮತ್ತು ಒಂದು ನೋಟ್‌ಬುಕ್. ಒಳಗೆ ಹೋಗುವ ಪ್ರತಿ ವಸ್ತುವನ್ನೂ ತೂಗಿ ಬರೆದಿಟ್ಟವರ ವಿಮಾನ ಹಗುರಾಗಿಯೇ ಇರುತ್ತದೆ, ಬರೆಯುವಾಗಲೇ ಅರ್ಧದಷ್ಟು ವಸ್ತುಗಳು ವಾಪಸ್ ಕಪಾಟಿಗೆ ಹೋಗುತ್ತವೆ. ದೊಡ್ಡ ಕಾರ್ಖಾನೆಗಳಲ್ಲಿ ಈ ಖಾತೆ ನೋಡಿಕೊಳ್ಳಲೆಂದೇ ಎಂಜಿನಿಯರುಗಳಿರುತ್ತಾರೆ. ಪ್ರತಿ ವಿಭಾಗಕ್ಕೂ ಇಷ್ಟೇ ಕೆ.ಜಿ. ಎಂದು ಹಂಚಿರುತ್ತಾರೆ. ಮನೆಯಲ್ಲಿ ಆ ಖಡಕ್ ಗುಮಾಸ್ತನ ಕೆಲಸವೂ ಕಟ್ಟುವವನ ತಲೆಗೇ ಬರುತ್ತದೆ.

ಎಷ್ಟು ತೂಕ ಎಂಬುದರಷ್ಟೇ ಎಲ್ಲಿದೆ ಎಂಬುದೂ ಮುಖ್ಯ. ವಿಮಾನದ ಗುರುತ್ವ ಕೇಂದ್ರ ರೆಕ್ಕೆಯ ನೇರಕ್ಕೆ ಕೆಲವೇ ಅಂಗುಲಗಳ ಮಿತಿಯಲ್ಲಿ ಇರಬೇಕು. ಬಾಲ ಅಲ್ಲಿಂದ ನಾಲ್ಕು ಮೀಟರ್ ಹಿಂದೆ, ಎಂಜಿನ್ ಒಂದೂಕಾಲು ಮೀಟರ್ ಮುಂದೆ ಇದೆ ಎನ್ನಿ. ಬಾಲದಲ್ಲಿ ಒಂದು ಕೆ.ಜಿ. ಹೆಚ್ಚಾದರೆ ಸಮತೋಲಕ್ಕೆ ಮೂಗಿನಲ್ಲಿ ಮೂರು ಕೆ.ಜಿ.ಗೂ ಹೆಚ್ಚು ಸೇರಿಸಬೇಕಾಗುತ್ತದೆ. ಬಾಲದ ಒಂದು ಕೆ.ಜಿ.ಯ ನಿಜವಾದ ಬೆಲೆ ನಾಲ್ಕು ಕೆ.ಜಿ. ಅನುಭವಸ್ಥರು ಬಾಲದ ಡೊಂಕಿಗೆ ಪುಟ್ಟಿ ತುಂಬಲು ಒಪ್ಪದಿರುವುದು ಇದಕ್ಕೇ.

ಹಾಗೆಂದು ಎಲ್ಲ ತೂಕವೂ ಶತ್ರುವಲ್ಲ. ಇದೇ ಝೆನೇರ್ ಕುಟುಂಬದ ‘ಝೋಡಿಯಾಕ್ ಸಿಎಚ್ 601 ಎಕ್ಸ್‌ಎಲ್’ ವಿಮಾನಗಳ ರೆಕ್ಕೆಗಳು 2006ರಿಂದ ಅಮೆರಿಕದಲ್ಲಿ ಆಕಾಶದಲ್ಲೇ ಮುರಿದ ಪ್ರಕರಣಗಳು ಸಾಲಾಗಿ ನಡೆದು ಜನ ಸತ್ತರು. ಅಲ್ಲಿಯ ಸಾರಿಗೆ ಸುರಕ್ಷತಾ ಮಂಡಳಿ 2009ರ ಏಪ್ರಿಲ್‌ನಲ್ಲಿ ಈ ಮಾದರಿಯನ್ನು ನೆಲಕ್ಕಿಳಿಸಿ ಎಂದಿತು. ಮಂಡಳಿ ಬೊಟ್ಟು ಮಾಡಿದ್ದು ಫ್ಲಟರ್ ಕಡೆಗೆ: ರೆಕ್ಕೆಯ ತುದಿಯಲ್ಲಿ ವಿಮಾನವನ್ನು ವಾಲಿಸುವ ಏಲೆರಾನ್ ಪಟ್ಟಿಗಳು ಗಾಳಿಯ ಹೊಡೆತಕ್ಕೆ ಸಿಕ್ಕಿ ಕಂಪಿಸಿ, ಕ್ಷಣಗಳಲ್ಲಿ ಆ ಕಂಪನ ರೆಕ್ಕೆಯನ್ನೇ ಕಿತ್ತುಹಾಕುವ ಅಪಾಯ. ಆ ವಿಮಾನದ ಏಲೆರಾನ್‌ಗಳಿಗೆ ಹಿಂಜಿನ ಮುಂದೆ ಸಮತೋಲದ ತೂಕವಿರಲಿಲ್ಲ. ಅದೇ ವರ್ಷ ಬಂದ ಪರಿಹಾರದಲ್ಲಿ ಆ ತೂಕವನ್ನೂ ಸೇರಿಸಿದರು, ರೆಕ್ಕೆಯ ಬೆನ್ನೆಲುಬಾದ ಸ್ಪಾರ್ ಸುತ್ತ ಲೋಹವನ್ನೂ ಕೂಡಿಸಿದರು. ಏನೂ ಮಾಡದೆ ಕೂತಿರುವಂತೆ ಕಾಣುವ ಆ ಸೀಸದ ಗುಂಡನ್ನೋ ಉಕ್ಕಿನ ತುಂಡನ್ನೋ ಕಂಡು ‘ಇದನ್ನು ತೆಗೆದರೆ ಒಂದು ಕೆ.ಜಿ. ಉಳಿಯುತ್ತದಲ್ಲ’ ಎಂದುಕೊಳ್ಳುವವರು ವಿಮಾನ ಕಟ್ಟಬಾರದು. ಸ್ಪಾರ್, ಅದರ ಬೋಲ್ಟುಗಳು, ಇಂಧನದ ಕೊಳವೆ, ಎಂಜಿನ್ ಹಿಂದಿನ ಬೆಂಕಿಗೋಡೆ, ಭುಜದ ಬೆಲ್ಟು ಇವುಗಳನ್ನೂ ತೂಕದ ಖಾತೆಯಲ್ಲಿ ಬರೆಯಿರಿ, ಆದರೆ ಆ ಪುಟಕ್ಕೆ ಕೆಂಪು ಪೆನ್ನು ತಾಗಿಸಬೇಡಿ.

ಕೊನೆಗೆ ಇಡೀ ವಿಮಾನವನ್ನು ತೂಗುವ ದಿನ. ಬಾಗಿಲು ಮುಚ್ಚಿದ, ಗಾಳಿಯಾಡದ ಶೆಡ್ಡು ಬೇಕು, ತುಸು ಗಾಳಿಯಾಡಿದರೂ ರೆಕ್ಕೆ ಎತ್ತಲು ನೋಡುತ್ತದೆ, ಅಂಕಿ ಕುಣಿಯುತ್ತದೆ. ಮೂರು ಚಕ್ರಗಳ ಕೆಳಗೆ ಮೂರು ತಕ್ಕಡಿ. ಮೈ ಮಟ್ಟವಾಗಿರಬೇಕು, ಟ್ಯಾಂಕಿನಲ್ಲಿ ಬಳಸಬಹುದಾದ ಇಂಧನ ಇರಬಾರದು, ಎಂಜಿನ್ನಿಗೆ ಎಣ್ಣೆ ಹಾಕಿರಬೇಕು, ಸೀಟಿನ ಕೆಳಗೆ ಮರೆತ ಸ್ಪ್ಯಾನರ್ ಇರಬಾರದು. ಮೂರು ಅಂಕಿಗಳ ಮೊತ್ತ ಖಾಲಿ ತೂಕ. ಪ್ರತಿ ಚಕ್ರದ ಅಂಕಿಯನ್ನು ಒಂದು ಗೊತ್ತಾದ ಬಿಂದುವಿನಿಂದ ಅದರ ದೂರಕ್ಕೆ ಗುಣಿಸಿ, ಕೂಡಿಸಿ, ಮೊತ್ತದಿಂದ ಭಾಗಿಸಿದರೆ ಗುರುತ್ವ ಕೇಂದ್ರ ಎಲ್ಲಿದೆಯೆಂದು ಸಿಗುತ್ತದೆ. ಹೈಸ್ಕೂಲಿನ ಗಣಿತ ಸಾಕು. ಆ ಎರಡು ಅಂಕಿಗಳು ವಿಮಾನದ ಕಾಗದಪತ್ರ ಸೇರುತ್ತವೆ, ಏನಾದರೂ ಬದಲಿಸಿದಾಗ ಅವೂ ಬದಲಾಗಬೇಕು.

ಒಂದು ಕಿವಿಮಾತು ಹೇಳಬಹುದಾದರೆ ಇದು: ಬಣ್ಣ ಹೊಡೆಯುವ ಮುಂಚೆಯೇ ಒಮ್ಮೆ ತೂಗಿ, ಮೊದಲ ಹಾರಾಟಗಳನ್ನು ಬರಿ ಲೋಹದಲ್ಲೇ ಮುಗಿಸಿ. ಬಣ್ಣ ಬೇಕೆನಿಸಿದರೆ ಆಮೇಲೆ ಹೊಡೆದು, ಏಲೆರಾನ್‌ಗಳ ಸಮತೋಲವನ್ನು ಮತ್ತೆ ನೋಡಿ, ಇನ್ನೊಮ್ಮೆ ತೂಗಿ. ಬಾವುಟದ ಪಟ್ಟೆಗೆ ಎಷ್ಟು ಲೀಟರ್ ಪೆಟ್ರೋಲ್ ಕೊಟ್ಟಿರೆಂಬುದು ಎರಡು ಅಂಕಿಗಳ ವ್ಯತ್ಯಾಸದಲ್ಲೇ ಬರೆದಿರುತ್ತದೆ.